ಕ್ಯಾಲೆಂಡರಿನ ಕೆಂಪು ಅಂಕಿ ಮತ್ತು ತಮ್ಮನ ಮಗಳ ಆರು ನೂರು ರೂಪಾಯಿ

2025ರ ನವೆಂಬರ್ 2ರ ಭಾನುವಾರ ಶಿರಸಿಯ ಹತ್ತಿರದ ನಮ್ಮ ಮೂಲಮನೆಗೆ ಹೋಗಿದ್ದೆ. ಜಗಲಿಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ನೋಡುತ್ತ, ಹಿಂದಿನ ದಿನದ ಕೆಂಪು ಅಂಕಿಯ ಮೇಲೆ ಬೆರಳಿಟ್ಟು, “ನಿನ್ನೆ ರಾಜ್ಯೋತ್ಸವಕ್ಕೆ ನೀನೂ ಮನೆಯಲ್ಲೇ ಇದ್ದೆಯಲ್ಲ?” ಎಂದು ತಮ್ಮನ ಮಗಳನ್ನು ಕೇಳಿದೆ. ಅವಳು ಶಿರಸಿ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಾಳೆ. ಅಂಗಡಿಯ ಹೆಸರು ಇಲ್ಲಿ ಬೇಡ. “ದೊಡ್ಡಪ್ಪಾ, ಈ ಕೆಂಪು ನಿಂಗಳ ಸರ್ಕಾರದ್ದು, ಎಂಗಳ ಅಂಗಡೀದಲ್ಲ” ಎಂದು ನಕ್ಕಳು. ನವೆಂಬರ್ ಒಂದರ ಬೆಳಿಗ್ಗೆ ಮಾಲೀಕರು ಅಂಗಡಿಯ ಬಾಗಿಲಿಗೆ ಹಳದಿ-ಕೆಂಪು ಬಾವುಟ ಕಟ್ಟಿಸಿ, ಎಲ್ಲ ಹುಡುಗ-ಹುಡುಗಿಯರ ಕೈಗೂ ಒಂದೊಂದು ಪೇಡೆ ಕೊಟ್ಟು, ತಾಯಿ ಭುವನೇಶ್ವರಿಗೆ ಜಯಕಾರ ಹಾಕಿಸಿ, ಆಮೇಲೆ ರಾತ್ರಿ ಒಂಬತ್ತರವರೆಗೆ ಎಂದಿನಂತೆ ವ್ಯಾಪಾರ ನಡೆಸಿದ್ದರಂತೆ. ಆ ದಿನದ ಕೆಲಸಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ್ದು ಆ ಪೇಡೆ ಮಾತ್ರ.

ನಾನು ಕಾರವಾರದಲ್ಲಿ ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನು. ಸೇವೆಯ ಬಹುಭಾಗ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕನಾಗಿಯೇ ಕಳೆಯಿತು. ಅಂದರೆ ಸಾಂದರ್ಭಿಕ ರಜೆ, ಗಳಿಕೆ ರಜೆ, ಪರಿಮಿತ ರಜೆಗಳ ಅರ್ಜಿಗಳನ್ನು ಪುಸ್ತಕಕ್ಕೆ ಏರಿಸಿ, ಉಳಿಕೆ ಎಷ್ಟು ಎಂದು ಷರಾ ಬರೆದು, ಮೇಲಿನವರ ಸಹಿಗೆ ಮಂಡಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಇಷ್ಟಾದರೂ, ಖಾಸಗಿ ಅಂಗಡಿಯಲ್ಲಿ ದುಡಿಯುವ ಹುಡುಗಿಗೆ ರಾಜ್ಯೋತ್ಸವದ ದಿನ ಸಂಬಳ ಸಹಿತ ರಜೆಯ ಹಕ್ಕು ಇದೆಯೋ ಇಲ್ಲವೋ ಎಂಬ ಸರಳ ಪ್ರಶ್ನೆಗೆ ಆ ದಿನ ನನ್ನ ಬಳಿ ಉತ್ತರವಿರಲಿಲ್ಲ. ನಂತರದ ಎರಡು ವಾರ ನಾನು ಓದಿ ತಿಳಿದುಕೊಂಡದ್ದನ್ನು, ಅವಳಂಥವರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನಗೆ ಗೊತ್ತಿರುವ ಮನೆಯಿಂದಲೇ ಹೊರಡುತ್ತೇನೆ. ರಾಜ್ಯ ಸರ್ಕಾರದ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯು ಪ್ರತಿ ವರ್ಷದ ಕೊನೆಯಲ್ಲಿ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಅಧಿಸೂಚನೆಯ ಮೂಲಕ ಹೊರಡಿಸುತ್ತದೆ. ನಮ್ಮ ಕ್ಯಾಲೆಂಡರುಗಳಲ್ಲಿ ಕಾಣುವ ಕೆಂಪು ಅಂಕಿಗಳೆಲ್ಲ ಬಹುಮಟ್ಟಿಗೆ ಆ ಪಟ್ಟಿಯ ಮಕ್ಕಳು. ಅದರ ಅಡಿಟಿಪ್ಪಣಿಯಲ್ಲಿ ಒಂದು ಮಾತು ಪ್ರತಿ ವರ್ಷವೂ ಇರುತ್ತದೆ: ಭಾನುವಾರ, ಎರಡನೇ ಶನಿವಾರ ಮತ್ತು ನಾಲ್ಕನೇ ಶನಿವಾರಗಳಂದು ಬರುವ ಹಬ್ಬಗಳನ್ನು ಪಟ್ಟಿಯಲ್ಲಿ ಸೇರಿಸಿಲ್ಲ. 2025ರಲ್ಲಿ ಗಣರಾಜ್ಯೋತ್ಸವ, ಯುಗಾದಿ ಮತ್ತು ಮಹಾಲಯ ಅಮಾವಾಸ್ಯೆ ಮೂರೂ ಭಾನುವಾರವೇ ಬಿದ್ದವು, ಕನಕ ಜಯಂತಿ ಎರಡನೇ ಶನಿವಾರದ ಮೇಲೆ ಕುಳಿತಿತು. ಹೀಗಾಗಿ ಆ ವರ್ಷದ ಪಟ್ಟಿ 19 ದಿನಗಳಿಗೆ ನಿಂತಿತು. ಜನ “ಸರ್ಕಾರಿ ನೌಕರರಿಗೆ ವರ್ಷವಿಡೀ ರಜೆ” ಎಂದು ಆಡಿಕೊಳ್ಳುವಾಗ ಈ ನುಂಗಿಹೋದ ಹಬ್ಬಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಣರಾಜ್ಯೋತ್ಸವ ಭಾನುವಾರ ಬಂದರೂ ಧ್ವಜಾರೋಹಣಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹಾಜರಾಗುವುದು ತಪ್ಪುವುದಿಲ್ಲ.

ನಾಲ್ಕನೇ ಶನಿವಾರದ ರಜೆ ಬಂದದ್ದು 2019ರಲ್ಲಿ. ಅದನ್ನು ಕೊಟ್ಟ ಕೈಯಿಂದಲೇ ಸರ್ಕಾರ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆಯನ್ನು 10ಕ್ಕೆ ಇಳಿಸಿತು. ಹನ್ನೆರಡು ಶನಿವಾರ ಬಂದು ಐದು ದಿನ ಹೋದರೆ ಏಳು ದಿನದ ಲಾಭ ಎಂದು ನಮ್ಮ ಕಚೇರಿಯಲ್ಲಿ ಕೆಲವರು ಖುಷಿಪಟ್ಟರು. ಘಟ್ಟದ ಮೇಲೆ ತೋಟವಿದ್ದವರು ಮಾತ್ರ ಗೊಣಗಿದರು. ಅಡಿಕೆ ಗೊನೆ ಕೊಯ್ಲು, ಮದ್ದು ಹೊಡೆಯುವುದು, ಮನೆಯ ಶ್ರಾದ್ಧ ಇವು ಯಾವುವೂ ನಾಲ್ಕನೇ ಶನಿವಾರವನ್ನು ಕಾದು ಬರುವುದಿಲ್ಲ, ತನಗೆ ಬೇಕಾದ ದಿನ ಹಾಕಿಕೊಳ್ಳುವ ರಜೆಯ ಬೆಲೆಯೇ ಬೇರೆ ಎಂಬುದು ಅವರ ವಾದ. ನಾನೂ ಆ ಗೊಣಗುವವರ ಪಂಗಡದಲ್ಲಿದ್ದೆ.

ಸಾರ್ವತ್ರಿಕ ರಜೆಗಳ ಜೊತೆಗೆ ಪರಿಮಿತ ರಜೆ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿ ಸಣ್ಣ-ದೊಡ್ಡ ಹಲವು ಹಬ್ಬಗಳಿದ್ದು, ನೌಕರನು ತನಗೆ ಬೇಕಾದ ಎರಡನ್ನು ಮಾತ್ರ ವರ್ಷಕ್ಕೆ ಪಡೆಯಬಹುದು. ಕೊಡಗು ಜಿಲ್ಲೆಗೆ ಮಾತ್ರ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಹಬ್ಬಗಳಿಗೆ ಸ್ಥಳೀಯ ರಜೆಯೆಂದು ಪಟ್ಟಿಯ ಅಡಿಯಲ್ಲೇ ಬರೆದಿರುತ್ತಾರೆ. ಆ ಸಾಲನ್ನು ಓದುವಾಗಲೆಲ್ಲ, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ನಮ್ಮ ಕರಾವಳಿಯ ನೂಲು ಹುಣ್ಣಿಮೆಗೂ ಹಾಗೊಂದು ಸಾಲು ಇರಬಾರದಿತ್ತೆ ಎಂದು ನನಗೆ ಅನ್ನಿಸುತ್ತಿತ್ತು.

ಕೇಂದ್ರ ಸರ್ಕಾರದ ಕಚೇರಿಗಳದ್ದು ಬೇರೆಯೇ ದಾರಿ. ದೆಹಲಿಯ ಹೊರಗಿನ ಕೇಂದ್ರ ಕಚೇರಿಗಳಿಗೆ 14 ಕಡ್ಡಾಯ ರಜೆಗಳಿವೆ, ಅವುಗಳ ಮೇಲೆ 12 ಸಂದರ್ಭಗಳ ಇನ್ನೊಂದು ಪಟ್ಟಿಯಿಂದ ಮೂರನ್ನು ಆಯಾ ರಾಜ್ಯದ ರಾಜಧಾನಿಯಲ್ಲಿರುವ ನೌಕರರ ಸಮನ್ವಯ ಸಮಿತಿ ಆರಿಸುತ್ತದೆ, ಅದಲ್ಲದೆ ತಲಾ ಎರಡು ಪರಿಮಿತ ರಜೆ. ಬುದ್ಧ ಪೂರ್ಣಿಮೆ, ಗುರುನಾನಕ್ ಜಯಂತಿಗಳು ಅಲ್ಲಿ ಕಡ್ಡಾಯ. ನಮ್ಮ ಊರಿನ ಬಹು ದೊಡ್ಡ ಹಬ್ಬವಾದ ಚೌತಿ ಮಾತ್ರ ಆರಿಸಿಕೊಂಡರೆ ಸಿಗುವ ಸಾಲಿನಲ್ಲಿದೆ. ಮೇ 1 ಮತ್ತು ನವೆಂಬರ್ 1 ಆ ಕಡ್ಡಾಯ ಹದಿನಾಲ್ಕರಲ್ಲಿ ಇಲ್ಲ. ಕಾರವಾರದಂಥ ಊರಿನಲ್ಲಿ ರಾಜ್ಯ ಸರ್ಕಾರದ ಕಚೇರಿಯ ಬಾಗಿಲಿಗೆ ಬೀಗವಿದ್ದು ಅದೇ ರಸ್ತೆಯ ಕೇಂದ್ರದ ಕಚೇರಿಯಲ್ಲಿ ಫ್ಯಾನು ತಿರುಗುತ್ತಿರುವುದನ್ನು ಕಂಡು ಹಳ್ಳಿಯಿಂದ ಬಂದವರು ಗಲಿಬಿಲಿಗೊಳ್ಳುವುದಕ್ಕೆ ಕಾರಣ ಇಷ್ಟೇ: ರಜೆ ಎನ್ನುವುದು ದಿನಕ್ಕೆ ಅಂಟಿದ ಗುಣವಲ್ಲ, ಯಾವ ಯಜಮಾನ ಯಾವ ನೌಕರನಿಗೆ ಯಾವ ಆದೇಶದ ಮೇಲೆ ಕೊಟ್ಟ ಎಂಬುದರ ಮೇಲೆ ನಿಂತಿರುವ ಸಂಗತಿ.

ಬ್ಯಾಂಕುಗಳ ರಜೆಗೆ ಆಧಾರ 1881ರಷ್ಟು ಹಳೆಯದಾದ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮು. ಹುಂಡಿ ಅಥವಾ ಪ್ರಾಮಿಸರಿ ನೋಟಿನ ಗಡುವು ಸಾರ್ವಜನಿಕ ರಜೆಯ ದಿನ ಬಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಸಲ್ಲಬೇಕೆಂದು ಅದು ಹೇಳುತ್ತದೆ, ಯಾವುದು ಸಾರ್ವಜನಿಕ ರಜೆ ಎಂದು ಸರ್ಕಾರ ಗೆಜೆಟ್ಟಿನಲ್ಲಿ ಸಾರಬೇಕು. ಹಣದ ಗಡುವಿನ ಲೆಕ್ಕಕ್ಕಾಗಿ ಹುಟ್ಟಿದ ಈ ಕಲಮಿನ ನೆರಳಿನಲ್ಲಿ ಬ್ಯಾಂಕಿನವರಿಗೆ ರಜೆ ಬರುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರಗಳು ಬ್ಯಾಂಕುಗಳಿಗೆ ರಜೆಯಾದದ್ದು 2015ರ ಸೆಪ್ಟೆಂಬರ್ 1ರಿಂದ, ಅಂದರೆ ನಾಲ್ಕನೇ ಶನಿವಾರದ ವಿಷಯದಲ್ಲಿ ಅವರು ನಮಗಿಂತ ನಾಲ್ಕು ವರ್ಷ ಮುಂದಿದ್ದರು.

ಈಗ ತಮ್ಮನ ಮಗಳ ಪ್ರಶ್ನೆಗೆ ಬರುತ್ತೇನೆ. ಸರ್ಕಾರದ ಸಾರ್ವತ್ರಿಕ ರಜೆಯ ಪಟ್ಟಿ ಖಾಸಗಿ ಮಾಲೀಕನನ್ನು ಕಟ್ಟಿಹಾಕುವುದಿಲ್ಲ ಎಂಬ ಅವಳ ಮಾತು ಸರಿಯೇ. ಅದು ಸರ್ಕಾರ ತನ್ನ ನೌಕರರಿಗೆ ಹೊರಡಿಸಿದ ಆದೇಶ. ಖಾಸಗಿಯವರನ್ನು ಕಟ್ಟುವುದು 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಅಧಿನಿಯಮ ಎಂಬ ಉದ್ದ ಹೆಸರಿನ ಸಣ್ಣ ಕಾಯ್ದೆ. ಈ ಹೆಸರಿನಲ್ಲಿರುವ “ಕೈಗಾರಿಕಾ” ಎಂಬ ಪದವೇ ಅರ್ಧ ಅನಾಹುತಕ್ಕೆ ಕಾರಣವೆಂದು ನನ್ನ ಅನಿಸಿಕೆ. ಪೇಟೆಯ ಅಂಗಡಿಯವರು, ಫೈನಾನ್ಸಿನವರು, ಹೋಟೆಲಿನವರು ಆ ಪದ ಕೇಳಿದೊಡನೆ ಇದು ದಾಂಡೇಲಿಯ ಕಾಗದದ ಕಾರ್ಖಾನೆಯಂಥವರಿಗೆ ಸಂಬಂಧಿಸಿದ್ದು, ನಮಗಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾರ್ಖಾನೆ, ಪ್ಲಾಂಟೇಶನ್ನುಗಳ ಜೊತೆಗೆ ಅಂಗಡಿಗಳೂ ವಾಣಿಜ್ಯ ಸಂಸ್ಥೆಗಳೂ ಒಳಬರುತ್ತವೆ.

ಆ ಕಾಯ್ದೆಯ ಪ್ರಕಾರ ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ರಜೆ. ಅವುಗಳಲ್ಲಿ ಐದು ಮೊದಲೇ ನಿಗದಿಯಾದವು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1. ಈ ತಾರೀಖುಗಳನ್ನು ಮಾಲೀಕನೂ ಬದಲಿಸುವಂತಿಲ್ಲ, ನೌಕರರೂ ಬದಲಿಸುವಂತಿಲ್ಲ. ಉಳಿದ ಐದು ಹಬ್ಬದ ರಜೆಗಳು. ಯಾವ ಹಬ್ಬಗಳು ಎಂಬುದನ್ನು ಮಾಲೀಕ ಮತ್ತು ನೌಕರರ ಅಭಿಪ್ರಾಯ ಪಡೆದು ಗೊತ್ತುಮಾಡಬೇಕು, ಆ ಪಟ್ಟಿ ಕಾರ್ಮಿಕ ನಿರೀಕ್ಷಕರ ಬಳಿಗೆ ಹೋಗಬೇಕು. ಈ ಹತ್ತು ದಿನಗಳು ವಾರದ ರಜೆಯಿಂದ ಬೇರೆ, ದುಡಿದ ದಿನಗಳ ಲೆಕ್ಕದಲ್ಲಿ ಜಮೆಯಾಗುವ ವಾರ್ಷಿಕ ರಜೆಯಿಂದಲೂ ಬೇರೆ. ಕೆಲವು ಕಡೆ “ಹಬ್ಬಕ್ಕೆ ಬೇಕಾದರೆ ನಿನ್ನ ಲೀವಿನಲ್ಲಿ ಹಾಕಿಕೋ” ಎಂದು ಹೇಳಿ ಈ ಮೂರನ್ನೂ ಒಂದೇ ಡಬ್ಬಿಗೆ ಸುರಿಯುತ್ತಾರೆ, ಅದು ತಪ್ಪು.

ನನಗೆ ಬಹಳ ಹಿಡಿಸಿದ್ದು ಆ ಐದು ಹಬ್ಬಗಳ ವ್ಯವಸ್ಥೆ. ಸರ್ಕಾರಿ ಪಟ್ಟಿಗೆ ಇಲ್ಲದ ಒಂದು ಸ್ವಾತಂತ್ರ್ಯ ಇಲ್ಲಿದೆ. ಕಾರವಾರದ ಮಂಜುಗಡ್ಡೆ ಕಾರ್ಖಾನೆಯವರು ನೂಲು ಹುಣ್ಣಿಮೆಯನ್ನು ಆರಿಸಿಕೊಳ್ಳಬಹುದು, ಭಟ್ಕಳದ ಅಂಗಡಿಯವರು ರಂಜಾನ್ ಮತ್ತು ಬಕ್ರೀದನ್ನು, ಹೊನ್ನಾವರದ ಕ್ರೈಸ್ತರು ಹೆಚ್ಚಿರುವ ಕಡೆ ಕ್ರಿಸ್‌ಮಸ್ಸನ್ನು, ಘಟ್ಟದ ಮೇಲಿನವರು ಗೋಪೂಜೆಯ ದೊಡ್ಡಬ್ಬವನ್ನು, ಅಂದರೆ ದೀಪಾವಳಿಯನ್ನು. ಆದರೆ ಆಗುತ್ತಿರುವುದೇನು? ಶಿರಸಿ, ಕುಮಟೆ, ಅಂಕೋಲೆಗಳಲ್ಲಿ ಶಾಖೆ ತೆರೆದ ದೊಡ್ಡ ಸಂಸ್ಥೆಗಳು ಬೆಂಗಳೂರಿನಲ್ಲಿ ಕುಳಿತು ಒಂದೇ ಪಟ್ಟಿ ಮಾಡಿ ಎಲ್ಲ ಶಾಖೆಗಳಿಗೂ ಇಮೇಲ್ ಕಳಿಸುತ್ತವೆ. ಸ್ಥಳೀಯ ಮಾಲೀಕರಾದರೋ ಪಟ್ಟಿಯನ್ನೇ ಮಾಡುವುದಿಲ್ಲ, ಇಲ್ಲವೇ ತಾವೊಬ್ಬರೇ ಕುಳಿತು ಮಾಡುತ್ತಾರೆ.

ತಮ್ಮನ ಮಗಳ ಅಂಗಡಿಯಲ್ಲಿ ಪಟ್ಟಿ ಇತ್ತು. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸೆಂದೆ. ಕಳಿಸಿದಳು. ಟ್ರಯಲ್ ರೂಮಿನ ಪಕ್ಕದ ಗೋಡೆಗೆ ಸೆಲ್ಲೋಟೇಪಿನಿಂದ ಅಂಟಿಸಿದ ಒಂದು ಬಿಳಿ ಹಾಳೆ, ಮೂಲೆ ಮಡಚಿಕೊಂಡಿತ್ತು, ಕೆಳಗೆ ಅಂಗಡಿಯ ಮೊಹರು. ಒಂದರಿಂದ ಹತ್ತರವರೆಗೆ ಸಾಲುಗಳು. ನಾಲ್ಕು ದಶಕಗಳ ಹತ್ತಿರ ಹತ್ತಿರ ಪಟ್ಟಿಗಳನ್ನೇ ತಾಳೆ ನೋಡಿದ ಕಣ್ಣು ನನ್ನದು, ಹೆಸರು ಬಿಟ್ಟು ತಾರೀಖಿನ ಕಾಲಮ್ಮಿನ ಮೇಲೆ ಕಣ್ಣು ಹಾಯಿಸಿದೆ. ಏಳನೆಯ ಸಾಲು ಗಾಂಧಿ ಜಯಂತಿ, 2-10-2025. ಎಂಟನೆಯ ಸಾಲು ವಿಜಯದಶಮಿ, 2-10-2025. ಆ ವರ್ಷ ವಿಜಯದಶಮಿ ಗಾಂಧಿ ಜಯಂತಿಯಂದೇ ಬಂದಿತ್ತು. ಹೆಸರು ಹತ್ತು, ದಿನ ಒಂಬತ್ತು! ಕಾಯ್ದೆ ಅಕ್ಟೋಬರ್ 2ನ್ನು ರಾಷ್ಟ್ರೀಯ ರಜೆಯೆಂದು ಆಗಲೇ ಕೊಟ್ಟಾಗಿದೆ. ಹಬ್ಬದ ಐದು ರಜೆಗಳು ಅದಲ್ಲದೆ ಬೇರೆ ಐದು ದಿನಗಳಾಗಬೇಕು ಎಂಬುದು ಓದಿದವರಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಹಾಗಾಗಿ ಆ ಎಂಟನೆಯ ಸಾಲಿಗೆ ಹಿಂದಿನ ದಿನದ ಆಯುಧ ಪೂಜೆಯನ್ನೋ ಮತ್ತೊಂದನ್ನೋ ಹಾಕಬೇಕಿತ್ತು. ಮಾಲೀಕರು ಬೇಕೆಂದೇ ಮಾಡಿದರೋ, ಕ್ಯಾಲೆಂಡರು ನೋಡಿ ಇಳಿಸಿಕೊಂಡರೋ ಹೇಳಲಾರೆ. ಎರಡನೆಯದೇ ಇರಬೇಕು, ಯಾಕೆಂದರೆ ಹತ್ತನೆಯ ಸಾಲಿನಲ್ಲಿ ಕನ್ನಡ ರಾಜ್ಯೋತ್ಸವ, 1-11-2025 ಎಂದು ತಾವೇ ಬರೆದಿದ್ದರು. ರಜೆ ಎಂದು ತಾವೇ ಬರೆದು ಮೊಹರು ಒತ್ತಿದ ದಿನ ಅಂಗಡಿ ತೆರೆದಿದ್ದರು.

ರಜೆಯ ದಿನ ಕೆಲಸ ಮಾಡಿಸಿದರೆ ಏನಾಗಬೇಕು ಎಂಬುದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಅಂಥ ದಿನ ದುಡಿದವರಿಗೆ ಎರಡು ದಾರಿಗಳು: ಒಂದು, ಆ ದಿನಕ್ಕೆ ಇಮ್ಮಡಿ ಸಂಬಳ. ಇನ್ನೊಂದು, ಆ ದಿನದ ಸಂಬಳ ಮತ್ತು ಅದರ ಬದಲಿಗೆ ಬೇರೊಂದು ದಿನ ಸಂಬಳ ಸಹಿತ ರಜೆ. ಈ ಎರಡರಲ್ಲಿ ಯಾವುದು ಬೇಕೆಂದು ಆರಿಸುವ ಹಕ್ಕು ನೌಕರನದು, ಮಾಲೀಕನದಲ್ಲ. ಈ ಒಂದು ಮಾತನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದೆ. ಯಾಕೆಂದರೆ ನಾನು ವಿಚಾರಿಸಿದ ಖಾಸಗಿ ನೌಕರರಲ್ಲಿ “ಕಾಂಪ್ ಆಫ್” ಎಂಬ ಬದಲಿ ರಜೆಯ ಹೆಸರು ಎಲ್ಲರಿಗೂ ಗೊತ್ತಿತ್ತು, ಅದನ್ನು ಬೇಡವೆಂದು ಹೇಳಿ ದುಡ್ಡನ್ನೇ ಕೇಳಬಹುದೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ.

ಲೆಕ್ಕ ಹೀಗೆ. ಅವಳ ತಿಂಗಳ ಸಂಬಳ 15,600 ರೂಪಾಯಿ. ತಿಂಗಳಲ್ಲಿ ವಾರದ ರಜೆಗಳನ್ನು ಕಳೆದು 26 ದಿನವೆಂದು ಹಿಡಿಯುವುದು ರೂಢಿ. ಭಾಗಿಸಿದರೆ ದಿನಕ್ಕೆ 600. ತಿಂಗಳ ಸಂಬಳದವರಿಗೆ ರಜೆಯ ದಿನದ 600 ಸಂಬಳದೊಳಗೇ ಸೇರಿರುತ್ತದೆ. ದುಡಿದದ್ದರಿಂದ ಅದರ ಮೇಲೆ ಇನ್ನೊಂದು 600 ಬರಬೇಕು. ಕೆಲವು ಲೆಕ್ಕಿಗರು 30ರಿಂದ ಭಾಗಿಸಿ 520 ಎಂದು ತೋರಿಸುತ್ತಾರೆ. ಕಡಿತ ಮಾಡುವಾಗ ಮಾತ್ರ ಅದೇ ಲೆಕ್ಕಿಗರ ಕೈಗೆ 26 ಸಿಗುತ್ತದೆ ಎಂಬುದನ್ನು ಅವಳ ಹಿಂದಿನ ಸಂಬಳ ಚೀಟಿಗಳಲ್ಲಿ ಕಂಡೆ.

ಸಂಬಳ ಚೀಟಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಸರ್ಕಾರಿ ನೌಕರ ಶನಿವಾರವೂ ಸೋಮವಾರವೂ ಸಾಂದರ್ಭಿಕ ರಜೆ ಹಾಕಿದರೆ ನಡುವಿನ ಭಾನುವಾರ ಅವನ ಖಾತೆಯಿಂದ ಹೋಗುವುದಿಲ್ಲ, ಗಳಿಕೆ ರಜೆಯಾದರೆ ನಡುವಿನ ರಜಾದಿನಗಳೂ ಸೇರಿ ಎಣಿಕೆಯಾಗುತ್ತವೆ. ಇದು ಬರೆದಿಟ್ಟ ನಿಯಮ. ಖಾಸಗಿಯಲ್ಲಿ ಎರಡು ಬದಿಗೆ ರಜೆ ಹಾಕಿದರೆ ನಡುವಿನ ಹಬ್ಬವನ್ನೂ ಭಾನುವಾರವನ್ನೂ ಸೇರಿಸಿ ಸಂಬಳ ಕಡಿಯುವುದನ್ನು “ಸ್ಯಾಂಡ್‌ವಿಚ್” ಎನ್ನುತ್ತಾರಂತೆ. ತಮ್ಮನ ಮಗಳು ಮೊದಲ ಬಾರಿಗೆ ಆ ಪದ ಹೇಳಿದಾಗ ನಾನು ತಿಂಡಿಯ ವಿಷಯವೆಂದೇ ತಿಳಿದಿದ್ದೆ. ವಾರದ ರಜೆಯ ಮಟ್ಟಿಗೆ ಆಯಾ ಸಂಸ್ಥೆಯ ನಿಯಮ ಏನಿದೆಯೋ ನೋಡಬೇಕು, ಆದರೆ ಕಾಯ್ದೆ ಕೊಟ್ಟ ಹತ್ತು ದಿನಗಳಲ್ಲಿ ಒಂದನ್ನು ಹೀಗೆ ಬ್ರೆಡ್ಡಿನ ನಡುವೆ ಇಟ್ಟು ತಿಂದುಹಾಕಲು ಅಂಗಡಿಯ ನಿಯಮಕ್ಕೆ ಹೇಗೆ ಅಧಿಕಾರ ಬಂತು ಎಂಬುದು ನನಗೆ ಅರ್ಥವಾಗಿಲ್ಲ.

ಮತದಾನದ ದಿನದ ರಜೆ ಈ ಹತ್ತರ ಮೇಲೆ ಬರುವಂಥದ್ದು. 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 135ಬಿ ಕಲಮು, ಮತ ಹಾಕಲು ಅರ್ಹನಾದ ಪ್ರತಿಯೊಬ್ಬ ನೌಕರನಿಗೂ ಆ ದಿನ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ, ದಿನಗೂಲಿಯವರನ್ನೂ ಅದು ಬಿಟ್ಟಿಲ್ಲ. ತಪ್ಪಿದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ, ಅಂದರೆ ತಮ್ಮನ ಮಗಳ ಒಂದು ದಿನದ ಸಂಬಳಕ್ಕಿಂತ ಕಡಿಮೆ. ಕಾಳಿ ಸೇತುವೆ ದಾಟಿ ಗೋವೆಯ ಕಾರ್ಖಾನೆ, ಹೋಟೆಲುಗಳಿಗೆ ಕೆಲಸಕ್ಕೆ ಹೋಗುವ ಕಾರವಾರ ಭಾಗದವರಿಗೆ ಇದು ನಿಜವಾದ ಪ್ರಶ್ನೆ. 2023ರ ಮೇ 10ರಂದು ಕರ್ನಾಟಕದ ವಿಧಾನಸಭೆಗೆ ಮತದಾನ ನಡೆದಾಗ ಗೋವಾ ಸರ್ಕಾರವು ಕರ್ನಾಟಕದ ಮತದಾರರಿಗಾಗಿ ಸಂಬಳ ಸಹಿತ ರಜೆ ಘೋಷಿಸಿತು, ಅಲ್ಲಿನ ಉದ್ಯಮಿಗಳು ಅದಕ್ಕೆ ಆಕ್ಷೇಪವನ್ನೂ ಎತ್ತಿದರು. 2024ರ ಮೇ 7ರಂದು ಉತ್ತರ ಕನ್ನಡಕ್ಕೂ ಗೋವೆಗೂ ಒಂದೇ ದಿನ ಲೋಕಸಭೆಯ ಮತದಾನವಾದ್ದರಿಂದ ಆ ಜಗಳಕ್ಕೆ ಎಡೆಯಿರಲಿಲ್ಲ. ಉಳಿದ ರಜೆಗಳಲ್ಲಿ ಮಾತ್ರ, ಗೋವೆಯಲ್ಲಿ ದುಡಿಯುವವರಿಗೆ ಗೋವೆಯ ಪಟ್ಟಿಯೇ ಗತಿ, ರಾಜ್ಯೋತ್ಸವದಂದು ಮಾಜಾಳಿಯಿಂದ ಬಸ್ಸು ಹತ್ತಲೇಬೇಕು. ನಾವು ಸರ್ಕಾರಿ ನೌಕರರ ಕಥೆ ಇನ್ನೂ ತಮಾಷೆಯದು: ದೇಶವೆಲ್ಲ ಸಂಬಳ ಸಹಿತ ರಜೆಯಲ್ಲಿರುವ ಆ ದಿನವೇ ನಾವು ಮತಪೆಟ್ಟಿಗೆಯನ್ನೋ ಯಂತ್ರವನ್ನೋ ಕಾದುಕೊಂಡು ಯಾವುದೋ ಶಾಲೆಯ ನೆಲದ ಮೇಲೆ ಮಲಗಿರುತ್ತಿದ್ದೆವು.

ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಘೋಷಿಸುವ ರಜೆಯನ್ನೂ ಕೆಲವರು ಇದರೊಂದಿಗೆ ಕಲಸುತ್ತಾರೆ. ಅದು ಅಂಗನವಾಡಿ, ಶಾಲೆ, ಕಾಲೇಜುಗಳ ಮಕ್ಕಳ ಸುರಕ್ಷೆಗಾಗಿ ಕೊಡುವ ರಜೆ, ದುಡಿಯುವವರ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಮಕ್ಕಳು ಮನೆಯಲ್ಲಿ, ತಾಯಿ ಕೆಲಸಕ್ಕೆ, ಅಷ್ಟೇ.

ಇನ್ನು ಈ ಯಾವ ಪಟ್ಟಿಯೂ ತಟ್ಟದ ಜನ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬೈತಖೋಲ್ ಬಂದರಿನಲ್ಲಿ ಸಾಲಾಗಿ ಕಟ್ಟಿದ ಬೋಟುಗಳನ್ನು ನೋಡಿ ಪ್ರವಾಸಿಗರು “ಎರಡು ತಿಂಗಳು ರಜೆ” ಎನ್ನುತ್ತಾರೆ. ಹಿಡಿದ ಮೀನಿನಲ್ಲಿ ಪಾಲು ಪಡೆಯುವವನಿಗೆ ಮೀನಿಲ್ಲದ ದಿನ ಪಾಲೂ ಇಲ್ಲ. ಅದನ್ನು ರಜೆ ಎಂದು ಕರೆಯುವುದು ಪದಕ್ಕೆ ಮಾಡುವ ಅಪಚಾರ.

ನನ್ನನ್ನು ಹೆಚ್ಚು ಕಾಡುವವರು ನನ್ನದೇ ಕಚೇರಿಯಲ್ಲಿದ್ದರು. ಹೊರಗುತ್ತಿಗೆಯ ಮೇಲೆ ಬಂದಿದ್ದ ಒಬ್ಬ ಡೇಟಾ ಎಂಟ್ರಿ ಹುಡುಗಿ ನನ್ನ ಮೇಜಿನ ಎದುರೇ ಕುಳಿತಿರುತ್ತಿದ್ದಳು. ಅವಳ ಸಂಬಳ ಏಜೆನ್ಸಿಯಿಂದ. ಪ್ರತಿ ತಿಂಗಳ ಕೊನೆಗೆ ಅವಳು ಹಾಜರಿದ್ದ ದಿನಗಳ ಪಟ್ಟಿಯನ್ನು ನಾನೇ ತಯಾರಿಸಿ ಕಳಿಸುತ್ತಿದ್ದೆ. ಸಾರ್ವತ್ರಿಕ ರಜೆಯ ದಿನ ಕಚೇರಿಗೆ ಬೀಗ, ಅವಳು ಬರಬೇಕೆಂದರೂ ಬರುವಂತಿಲ್ಲ. ನಾನು ಆ ಮನೆಗಳಲ್ಲಿ ಅಡ್ಡಗೀಟು ಎಳೆಯುತ್ತಿದ್ದೆ, ಏಜೆನ್ಸಿ ಗೀಟುಗಳನ್ನು ಎಣಿಸಿ ಸಂಬಳ ಕಡಿಯುತ್ತಿತ್ತು. ಹಬ್ಬಗಳು ಸಾಲಾಗಿ ಬಂದಿದ್ದ ಒಂದು ಅಕ್ಟೋಬರಿನ ಪಟ್ಟಿಯನ್ನು ನೋಡಿ ಅವಳು, “ಸರ್, ನಿಮಗೆ ಹಬ್ಬ ಬಂದಷ್ಟೂ ನನಗೆ ನಷ್ಟ” ಎಂದದ್ದು ನೆನಪಿದೆ. ಆಗ ನಾನು “ಏನು ಮಾಡೋದು ತಂಗಿ, ರೂಲ್ಸೇ ಹಾಗಿದೆ” ಎಂದಿದ್ದೆ. ಆ ರೂಲ್ಸನ್ನು ನಾನು ಓದಿರಲಿಲ್ಲ. ಏಜೆನ್ಸಿಯೂ ಒಂದು ವಾಣಿಜ್ಯ ಸಂಸ್ಥೆಯೇ. ಸರ್ಕಾರಿ ಪಟ್ಟಿಯ ಎಲ್ಲ ದಿನಗಳಿಗೆ ಅಲ್ಲದಿದ್ದರೂ ಕಾಯ್ದೆಯ ಹತ್ತು ದಿನಗಳ ಸಂಬಳವನ್ನಾದರೂ ಅವಳು ಕೇಳಬಹುದಿತ್ತು, ಅದನ್ನು ಅವಳಿಗೆ ಹೇಳಬೇಕಾದ ಕುರ್ಚಿಯಲ್ಲಿ ನಾನೇ ಕುಳಿತಿದ್ದೆ.

ತಮ್ಮನ ಮಗಳಿಗೆ ಎಲ್ಲವನ್ನೂ ವಿವರಿಸಿ, ಕಾರ್ಮಿಕ ನಿರೀಕ್ಷಕರಿಗೆ ಒಂದು ಅರ್ಜಿ ಬರೆದುಕೊಡಲೇ ಎಂದೆ. ಅರ್ಜಿ ಬರೆಯುವುದರಲ್ಲಿ ನನ್ನ ಕೈ ಇನ್ನೂ ಚುರುಕಾಗಿದೆ. ನಿರೀಕ್ಷಕರಿಗೆ ಅಂಗಡಿಗೆ ಬಂದು ರಿಜಿಸ್ಟರು ತೆಗೆಸಿ ನೋಡುವ ಅಧಿಕಾರವಿದೆ. ಅವಳು ಬೇಡವೆಂದಳು. ಶಿರಸಿ ಪೇಟೆ ಸಣ್ಣದು, ಒಂದು ಅಂಗಡಿಯಲ್ಲಿ ಮಾಲೀಕನ ಮೇಲೆ ಅರ್ಜಿ ಕೊಟ್ಟವಳಿಗೆ ಇನ್ನೊಂದು ಅಂಗಡಿಯ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಬದಲು, ಕಾಯ್ದೆಯ ಆ ಎರಡು ಪುಟಗಳನ್ನು ಜೆರಾಕ್ಸ್ ಮಾಡಿಸಿ, ಸಂಜೆ ಗಲ್ಲಾ ಎಣಿಸುವ ಹೊತ್ತಿಗೆ ಮಾಲೀಕರ ಮುಂದಿಟ್ಟಳಂತೆ. ಅವರು ಓದಿದರು. “ಒಂದು ದಿನ ರಜೆ ತಕೋ” ಎಂದರು. “ರಜೆ ಬೇಡ, ಇಮ್ಮಡಿ ಕೊಡಿ, ಆರಿಸೋದು ನಾವಂತೆ” ಎಂದಳು. ಎರಡು ದಿನ ಅವರು ಮಾತಾಡಲಿಲ್ಲ. ಡಿಸೆಂಬರ್ ಮೊದಲ ವಾರದ ಸಂಬಳದಲ್ಲಿ 600 ರೂಪಾಯಿ ಹೆಚ್ಚಿತ್ತು, ಅವಳಿಗೆ ಮಾತ್ರವಲ್ಲ, ಆ ದಿನ ದುಡಿದ ಉಳಿದವರಿಗೂ ಅವರವರ ಒಂದು ದಿನದ ಸಂಬಳ ಸೇರಿತ್ತು. ಅಕ್ಟೋಬರ್ 2ರ ಜೋಡಿ ಸಾಲಿನ ಬಗ್ಗೆ ಮಾತ್ರ ಅವರು ಬಾಯಿ ಬಿಡಲಿಲ್ಲ, ಇವಳೂ ಹಟ ಹಿಡಿಯಲಿಲ್ಲ.

ಡಿಸೆಂಬರ್ ಕೊನೆಗೆ 2026ರ ಪಟ್ಟಿ ಮಾಡುವಾಗ ಮಾಲೀಕರು ಮೊದಲ ಬಾರಿಗೆ ಎಲ್ಲರನ್ನೂ ಕರೆದು ಯಾವ ಐದು ಹಬ್ಬ ಎಂದು ಕೇಳಿದರಂತೆ. ಯುಗಾದಿ, ಚೌತಿ, ಆಯುಧ ಪೂಜೆ, ದೊಡ್ಡಬ್ಬ ಇವು ನಾಲ್ಕಕ್ಕೆ ತಕರಾರಿರಲಿಲ್ಲ. ಐದನೆಯದಕ್ಕೆ ಹುಡುಗಿಯರೆಲ್ಲ ಸೇರಿ ಮಾರಿಕಾಂಬಾ ಜಾತ್ರೆಯ ರಥೋತ್ಸವದ ದಿನವನ್ನು ಬರೆಸಿದರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಸರದಿ 2026ರದ್ದು. ದೇವಿ ಬಿಡಕಿಬೈಲಿನ ಗದ್ದುಗೆಗೆ ಹೊರಡುವ ಆ ದಿನ ಶಿರಸಿಯ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಯಾವ ಬಟ್ಟೆ ಅಂಗಡಿಯವನೂ ಅಂದು ಬಾಗಿಲು ಹಾಕುವ ಕನಸು ಕಾಣುವುದಿಲ್ಲ. “ಅಂದು ನಿಮಗೆ ರಜೆ ಕೊಟ್ಟರೆ ಅಂಗಡಿ ನಡೆಸುವವರು ಯಾರು?” ಎಂದು ಮಾಲೀಕರು ತಲೆ ಮೇಲೆ ಕೈಹೊತ್ತಾಗ, ಬರುತ್ತೇವಲ್ಲ, ಎಲ್ಲರೂ ಬರುತ್ತೇವೆ ಎಂದು ಇವರೇ ಸಮಾಧಾನ ಹೇಳಿದ್ದಾರೆ. ಬದಲಿ ರಜೆ ಯಾರಿಗೂ ಬೇಡವಂತೆ.